ಬಾಯಿಮಾತಿಗೆ ಜಾಗ ಕೊಡಬೇಡಿ: ಕೊಡಗಿನ ಸರ್ಕಾರಿ ಕಚೇರಿಗಳಲ್ಲಿ ಲಂಚ ತಡೆಯುವ ಸಮಗ್ರ ಮಾರ್ಗದರ್ಶಿ

ಲಂಚವನ್ನು ಯಾರೂ ಬರೆದು ಕೇಳುವುದಿಲ್ಲ. ‘ಸಾಹೇಬ್ರು ಕ್ಯಾಂಪಿನಲ್ಲಿದ್ದಾರೆ’, ‘ಸರ್ವರ್ ಇಲ್ಲ’, ‘ಕಡತ ಮೇಲೆ ಹೋಗಿದೆ’, ‘ಮಳೆ ನಿಂತ ಮೇಲೆ ಬನ್ನಿ’ ಎಂದು ನಾಲ್ಕು ಸಲ ಓಡಾಡಿಸಿದ ಮೇಲೆ ಐದನೆಯ ಸಲ ಕಚೇರಿ ಮೆಟ್ಟಿಲ ಬಳಿ ಇನ್ಯಾರೋ ಬಂದು ‘ಏನಾದರೂ ನೋಡಿಕೊಂಡರೆ ನಾಳೆಯೇ ಆಗುತ್ತದೆ’ ಅನ್ನುತ್ತಾರೆ. ಇದೆಲ್ಲ ಬಾಯಿಮಾತಿನಲ್ಲೇ ನಡೆಯುವ ವ್ಯವಹಾರ. ದಿನಾಂಕ, ಹೆಸರು, ಸಹಿ ಇರುವ ಕಾಗದ ಬಂದ ಜಾಗದಲ್ಲಿ ಅದಕ್ಕೆ ಉಸಿರಾಡಲು ಆಗುವುದಿಲ್ಲ. ಮುಂದೆ ಬರುವ ಎಲ್ಲ ಹೆಜ್ಜೆಗಳ ತಿರುಳು ಇದೇ: ಪ್ರತಿ ಬಾಯಿಮಾತನ್ನೂ ಕಾಗದಕ್ಕೆ ಇಳಿಸುವುದು.

ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ, ಪೊನ್ನಂಪೇಟೆ, ಕುಶಾಲನಗರ, ಐದೂ ತಾಲ್ಲೂಕಿನವರಿಗೆ ಈ ಕ್ರಮ ಒಂದೇ.

ಅರ್ಜಿಯಲ್ಲಿ ತೂತು ಬಿಡಬೇಡಿ

ಮಧ್ಯವರ್ತಿಗೆ ಸಿಗುವ ಮೊದಲ ಹಿಡಿ ನಮ್ಮದೇ ಅರೆಬರೆ ಅರ್ಜಿ. ಕೊಡಗಿನಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಪಹಣಿಯಲ್ಲಿ ಪಟ್ಟೇದಾರರ (ಮನೆತನದ ಹಿರಿಯರ) ಜೊತೆಗೆ ಒಕ್ಕದ, ಅಂದರೆ ಇಡೀ ಮನೆತನದ, ಹಲವರ ಹೆಸರಿರುತ್ತದೆ. ಅವರಲ್ಲಿ ಇಬ್ಬರು ತೀರಿಹೋಗಿರುತ್ತಾರೆ, ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ವಿದೇಶದಲ್ಲಿ. ವಂಶವೃಕ್ಷದಲ್ಲಿ ಒಂದು ಹೆಸರು ತಪ್ಪಿದರೆ, ಅದರಲ್ಲೂ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋದರೆ, ಅರ್ಜಿ ನ್ಯಾಯವಾಗಿಯೇ ನಿಲ್ಲುತ್ತದೆ. ನಿಂತ ಕಾರಣವನ್ನು ಯಾರೂ ಹೇಳದೆ ‘ಸ್ವಲ್ಪ ಕಷ್ಟ ಇದೆ’ ಎಂದಾಗ ಚೌಕಾಸಿ ಶುರುವಾಗುತ್ತದೆ.

ಆದ್ದರಿಂದ ಕೌಂಟರಿಗೆ ಹೋಗುವ ಮೊದಲು ಇಷ್ಟು ಮಾಡಿ. ಪಹಣಿಯಲ್ಲಿರುವ ಹೆಸರು, ಮರಣ ಪ್ರಮಾಣಪತ್ರದ ಹೆಸರು, ಆಧಾರ್ ಕಾರ್ಡಿನ ಹೆಸರು ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಮನೆತನದ ಹೆಸರು ಒಂದರಲ್ಲಿ ಮೊದಲು, ಇನ್ನೊಂದರಲ್ಲಿ ಕೊನೆಗೆ ಬಂದಿದ್ದರೆ, ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಮೊದಲೇ ಮಾಡಿಸಿ. ವಂಶವೃಕ್ಷದಲ್ಲಿ ತೀರಿಹೋದವರನ್ನೂ ಬಿಡದೆ ಬರೆಯಿರಿ. ಸರ್ವೆ ನಂಬರು, ವಿಸ್ತೀರ್ಣ, ಬಾಣೆಯೋ (ಗದ್ದೆಗೆ ಸೇರಿದ ಗುಡ್ಡದ ಜಮೀನು) ಗದ್ದೆಯೋ ಎಂಬುದು ಅರ್ಜಿಯಲ್ಲೂ ಪಹಣಿಯಲ್ಲೂ ಒಂದೇ ಇರಲಿ. ಒಕ್ಕದಲ್ಲೇ ತಕರಾರು ಇದ್ದರೆ ಅದನ್ನು ಮೊದಲು ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಕೂತು ಬಗೆಹರಿಸಿ. ಕಚೇರಿಯಲ್ಲಿ ದುಡ್ಡು ಕೊಟ್ಟು ಮುಚ್ಚಿಹಾಕಿದ ತಕರಾರು ಮುಂದೆ ಉಪವಿಭಾಗಾಧಿಕಾರಿಗಳ ಮುಂದೆಯೋ ನ್ಯಾಯಾಲಯದಲ್ಲೋ ಖಂಡಿತ ಎದ್ದು ನಿಲ್ಲುತ್ತದೆ, ಕೊಟ್ಟ ದುಡ್ಡೂ ನೀರು ಪಾಲು.

ಲಗತ್ತುಗಳಿಗೆ ಪುಟಸಂಖ್ಯೆ ಹಾಕಿ, ಅರ್ಜಿಯ ಕೊನೆಗೆ ‘ಲಗತ್ತು: 1ರಿಂದ 14 ಪುಟ’ ಎಂದು ಬರೆಯಿರಿ. ‘ನಿಮ್ಮ ದಾಖಲೆ ಕಡತದಲ್ಲಿ ಇಲ್ಲ’ ಎಂಬ ಮಾತಿಗೆ ಈ ಒಂದು ಸಾಲು ಸಾಕು.

ಸ್ವೀಕೃತಿ ಇಲ್ಲದೆ ಕೌಂಟರ್ ಬಿಟ್ಟು ಏಳಬೇಡಿ

ಕರ್ನಾಟಕದಲ್ಲಿ ಸಕಾಲ ಯೋಜನೆ 2012ರ ಏಪ್ರಿಲ್ 2ರಂದು ಆರಂಭವಾಯಿತು. ಅದರ ಹಿಂದಿರುವುದು ನಾಗರಿಕರಿಗೆ ಸೇವೆಗಳ ಖಾತರಿ ನೀಡುವ 2011ರ ಕಾಯ್ದೆ. ಜಾತಿ, ಆದಾಯ ಪ್ರಮಾಣಪತ್ರದಿಂದ ಹಿಡಿದು ಹಕ್ಕು ಬದಲಾವಣೆಯವರೆಗೆ ನೂರಾರು ಸೇವೆಗಳಿಗೆ ಇಂತಿಷ್ಟು ದಿನ ಎಂದು ನಿಗದಿಯಾಗಿದೆ. ಅರ್ಜಿ ಕೊಟ್ಟಾಗ ಬರುವ ಸ್ವೀಕೃತಿಯಲ್ಲಿ 15 ಅಂಕಿಯ ಜಿಎಸ್‌ಸಿ ಸಂಖ್ಯೆ (ಅರ್ಜಿಯ ಗುರುತು ಸಂಖ್ಯೆ) ಮತ್ತು ಸೇವೆ ಕೊಡಬೇಕಾದ ಕೊನೆಯ ದಿನ ಇರುತ್ತದೆ. ಆ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಇಲ್ಲಿ ಒಂದು ಮೋಸ ಪದೇ ಪದೇ ನಡೆಯುತ್ತದೆ. ‘ಅರ್ಜಿ ಇಟ್ಟು ಹೋಗಿ, ನಂತರ ಎಂಟ್ರಿ ಮಾಡುತ್ತೇವೆ’ ಅನ್ನುತ್ತಾರೆ. ಎಂಟ್ರಿ ಆಗದ ಅರ್ಜಿಗೆ ಗಡುವೂ ಇಲ್ಲ, ವಿಳಂಬವೂ ಇಲ್ಲ. ವಿದ್ಯುತ್ ಇಲ್ಲ, ಸರ್ವರ್ ಇಲ್ಲ ಎಂಬುದು ಆಷಾಢದ ಕೊಡಗಿನಲ್ಲಿ ನಿಜವೂ ಆಗಿರಬಹುದು. ಆಗ ಜಗಳ ಬೇಡ. ಅರ್ಜಿಯ ಎರಡನೆಯ ಪ್ರತಿಯ ಮೇಲೆ ಟಪಾಲು ವಿಭಾಗದ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಅದಕ್ಕೂ ಒಪ್ಪದಿದ್ದರೆ ಅದೇ ದಿನ ಹತ್ತಿರದ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಪ್ರತಿಗೆ ಪಿನ್ ಮಾಡಿಡಿ.

ಗಡುವು ಮುಗಿದ ಮರುದಿನವೇ ಸಕಾಲದಲ್ಲಿ ಮೇಲ್ಮನವಿ ಹಾಕಿ. ಸಹಾಯವಾಣಿ 080-44554455. ವಿಳಂಬವಾದ ಪ್ರತಿ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ವೆಚ್ಚ ಕೇಳುವ ಹಕ್ಕಿದೆ. ಮೊತ್ತ ಸಣ್ಣದು ಎಂದು ಬಿಡುವವರೇ ಹೆಚ್ಚು. ಆದರೆ ಆ 500 ರೂಪಾಯಿ ವಿಳಂಬಕ್ಕೆ ಕಾರಣರಾದ ಅಧಿಕಾರಿಯ ಜೇಬಿನಿಂದ ಹೋಗಬೇಕು, ಅವರ ಹೆಸರಿನ ಮುಂದೆ ದಾಖಲಾಗಬೇಕು. ಹೀಗಾಗಿ ಮೇಲ್ಮನವಿಯ ಮಾತು ಬರುತ್ತಿದ್ದಂತೆ ಎಷ್ಟೋ ಕಡತಗಳಿಗೆ ಕಾಲು ಬರುತ್ತದೆ.

ಅರ್ಜಿ ತಿರಸ್ಕರಿಸಿದರೆ ಕೇಳಬೇಕಾದದ್ದು ಒಂದೇ ಪದ: ಹಿಂಬರಹ. ‘ಆಗುವುದಿಲ್ಲ’ ಎಂದು ಬಾಯಲ್ಲಿ ಹೇಳಿದ್ದಕ್ಕೆ ಮೇಲ್ಮನವಿ ಹಾಕಲಾಗದು. ಯಾವ ನಿಯಮದಂತೆ, ಯಾವ ದಾಖಲೆ ಕೊರತೆಯಿಂದ ಆಗುವುದಿಲ್ಲ ಎಂದು ಸಹಿ ಹಾಕಿ ಬರೆದುಕೊಟ್ಟರೆ ಹಾಕಬಹುದು. ‘ಆಗದಿದ್ದರೆ ಬೇಡ, ಹಿಂಬರಹ ಕೊಟ್ಟುಬಿಡಿ’ ಎಂದು ಸಮಾಧಾನವಾಗಿ ಕೇಳಿ. ಸುಳ್ಳು ಕಾರಣ ಹೇಳುವ ನಾಲಿಗೆಗೆ ಅದನ್ನೇ ಬರೆಯುವ ಧೈರ್ಯ ಇರುವುದು ಅಪರೂಪ.

ಸಕಾಲದ ಪಟ್ಟಿಯಲ್ಲಿ ಇಲ್ಲದ ಕುಂದುಕೊರತೆಗಳಿಗೆ 1902 ಜನಸ್ಪಂದನ ಸಹಾಯವಾಣಿ ಇದೆ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೆಲಸ ಆಗದೆ ದೂರು ‘ಮುಕ್ತಾಯ’ ಎಂದು ತೋರಿಸಿದರೆ ಸುಮ್ಮನಾಗದೆ ಮತ್ತೆ ದಾಖಲಿಸಿ.

ಮಾಹಿತಿ ಹಕ್ಕು: ಪ್ರಶ್ನೆ ಕೇಳಬೇಡಿ, ದಾಖಲೆ ಕೇಳಿ

2005ರ ಮಾಹಿತಿ ಹಕ್ಕು ಕಾಯ್ದೆ ಕೈಯಲ್ಲಿರುವ ಅತ್ಯಂತ ಹರಿತವಾದ ಕತ್ತಿ. ಹಿಡಿಯುವ ರೀತಿ ತಪ್ಪಿದರೆ ಅದು ಮೊಂಡ. ‘ನನ್ನ ಅರ್ಜಿ ಯಾಕೆ ತಡವಾಯಿತು?’ ಎಂದು ಕೇಳಿದರೆ ‘ಇದು ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ’ ಎಂಬ ಉತ್ತರ ಬರುತ್ತದೆ. ಕೇಳಬೇಕಾದದ್ದು ಹೀಗೆ:

‘ದಿನಾಂಕ ... ರಂದು ಸಲ್ಲಿಸಿದ, ಸ್ವೀಕೃತಿ ಸಂಖ್ಯೆ ... ರ ನನ್ನ ಅರ್ಜಿಗೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಕೊಡಿ. ಸದರಿ ಕಡತ ಯಾವ ದಿನ ಯಾವ ಅಧಿಕಾರಿಯ ಮುಂದೆ ಬಂದಿದೆ, ಯಾವ ದಿನ ಹೊರಹೋಗಿದೆ ಎಂಬ ದಾಖಲೆಯ ಪ್ರತಿ ಕೊಡಿ. ಇದೇ ಸೇವೆಗೆ ನನ್ನ ನಂತರ ಬಂದು ವಿಲೇವಾರಿಯಾದ ಅರ್ಜಿಗಳ ಸ್ವೀಕೃತಿ ಸಂಖ್ಯೆ ಮತ್ತು ವಿಲೇವಾರಿ ದಿನಾಂಕಗಳ ಪಟ್ಟಿ ಕೊಡಿ.’

ಮೂರನೆಯ ವಾಕ್ಯದಲ್ಲಿ ಜೀವ ಇದೆ. ನಿಮ್ಮ ಹಿಂದೆ ಬಂದವರ ಕೆಲಸ ನಿಮಗಿಂತ ಮೊದಲು ಆಗಿದ್ದರೆ ಸರತಿ ಮುರಿದದ್ದು ಅವರದೇ ದಾಖಲೆಯಲ್ಲಿ ಹೊರಬರುತ್ತದೆ. ಬೇರೆಯವರ ಹೆಸರು, ಫೋನ್, ಆಧಾರ್ ಕೇಳಬೇಡಿ. ಖಾಸಗಿ ಮಾಹಿತಿ ಎಂದು ಇಡೀ ಅರ್ಜಿಯನ್ನೇ ತಳ್ಳಿಹಾಕಲು ಅದೊಂದು ನೆಪ ಸಾಕು.

ಕರ್ನಾಟಕದ ನಿಯಮಗಳಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಎರಡು ರಸ್ತೆಗಳ ಬಗ್ಗೆ ಕೇಳಬೇಕಿದ್ದರೆ ಎರಡು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ಪ್ರತಿಯೊಂದಕ್ಕೆ ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ, ಪಡಿತರ ಚೀಟಿಯ ಪ್ರತಿ ಲಗತ್ತಿಸಿ. ರಾಜ್ಯ ಸರ್ಕಾರದ ಆನ್‌ಲೈನ್ ಪೋರ್ಟಲ್ ಮೂಲಕವೂ ಹಾಕಬಹುದು. ಪ್ರತಿಗಳಿಗೆ ಇಷ್ಟು ಹಣ ಕಟ್ಟಿ ಎಂಬ ಪತ್ರ ಬಂದರೆ ಆ ವಾರವೇ ಕಟ್ಟಿಬಿಡಿ, ನೀವು ಹಣ ಕಟ್ಟುವವರೆಗಿನ ದಿನಗಳು 30 ದಿನಗಳ ಲೆಕ್ಕಕ್ಕೆ ಸೇರುವುದಿಲ್ಲ.

30 ದಿನದಲ್ಲಿ ಉತ್ತರ ಇಲ್ಲದಿದ್ದರೆ, ನಂತರದ 30 ದಿನದೊಳಗೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಮೊದಲ ಮೇಲ್ಮನವಿ. ಅಲ್ಲಿ 30, ಹೆಚ್ಚೆಂದರೆ 45 ದಿನ. ಆಮೇಲೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಆಯೋಗ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. ಗಡುವು ಮೀರಿದ ಮೇಲೆ ಕೊಡುವ ಮಾಹಿತಿಗೆ ಪುಟದ ಶುಲ್ಕ ಕೇಳುವಂತಿಲ್ಲ, ಇದನ್ನು ಮೇಲ್ಮನವಿಯಲ್ಲಿ ಬರೆಯಲು ಮರೆಯಬೇಡಿ. ಜನ ಸೋಲುವುದು ಹೆಚ್ಚಾಗಿ ಮೊದಲ ಮೇಲ್ಮನವಿಯ ತಾರೀಕು ಬಿಟ್ಟು. ಅರ್ಜಿ ಹಾಕಿದ ದಿನವೇ ಮುಂದಿನ ಎರಡು ತಾರೀಕುಗಳನ್ನೂ ಬರೆದಿಡಿ.

ರಸ್ತೆ, ತಡೆಗೋಡೆ: ಟೇಪು ಹಿಡಿದು ನಿಲ್ಲಿ

ಕೊಡಗಿನಲ್ಲಿ ಕಳಪೆ ಕೆಲಸವನ್ನು ಮಳೆಯ ತಲೆಗೆ ಕಟ್ಟುವುದು ಬಹಳ ಸುಲಭ. ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುತ್ತದೆ, ಅದರೊಳಗೆ ಬಿಲ್ ಆಗಬೇಕು. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ನಡುವಿನ ಎರಡೇ ತಿಂಗಳಲ್ಲಿ ರಸ್ತೆಯ ನಿಜ ಬಣ್ಣ ನೋಡಬೇಕು. ಆಗಸ್ಟಿನಲ್ಲಿ ಕಿತ್ತುಹೋದ ರಸ್ತೆ ತೋರಿಸಿ ದೂರು ಕೊಟ್ಟರೆ ‘ಈ ವರ್ಷ ವಿಪರೀತ ಮಳೆ’ ಎಂಬ ಉತ್ತರ ತಯಾರಿರುತ್ತದೆ. 2018ರ ಆಗಸ್ಟಿನ ಭೂಕುಸಿತ, ಪ್ರವಾಹದ ದುರಂತದ ನಂತರ ಜಿಲ್ಲೆಯ ಉದ್ದಗಲಕ್ಕೂ ರಸ್ತೆ, ತಡೆಗೋಡೆ, ಮೋರಿಗಳಿಗೆ ದೊಡ್ಡ ಮೊತ್ತ ಖರ್ಚಾಗುತ್ತಿದೆ. ಇಲ್ಲಿ ತಿಂದ ಸಿಮೆಂಟು ಮುಂದಿನ ಮಳೆಗಾಲದಲ್ಲಿ ಯಾರದೋ ಮನೆಯ ಮೇಲೆ ಕುಸಿಯುತ್ತದೆ.

ಕೆಲಸ ಆರಂಭವಾಗುವ ಮೊದಲೇ ಅಂದಾಜು ಪಟ್ಟಿ ಮತ್ತು ಕಾರ್ಯಾದೇಶದ ಪ್ರತಿ ತರಿಸಿಕೊಳ್ಳಿ. ಗ್ರಾಮೀಣಾಭಿವೃದ್ಧಿ ಇಲಾಖೆಯ ಕಾಮಗಾರಿಯಾದರೆ ಗಾಂಧಿ ಸಾಕ್ಷಿ ಕಾಯಕ ತಂತ್ರಾಂಶದಲ್ಲೂ ಹುಡುಕಿ. ಒಂದೇ ರಸ್ತೆಯನ್ನು ಮೂರು ತುಂಡು ಮಾಡಿ, ಮೂರು ಹೆಸರಿನಲ್ಲಿ, ಟೆಂಡರ್ ಬೇಕಾಗದಷ್ಟು ಸಣ್ಣ ಮೊತ್ತಕ್ಕೆ ಇಳಿಸಿದ್ದಾರೆಯೇ ನೋಡಿ. ಒಂದೇ ರಸ್ತೆಯ ಹೆಸರು ಎರಡು ಅನುದಾನಗಳಲ್ಲಿ ಬಂದಿದ್ದರೆ ಎರಡಕ್ಕೂ ಅಳತೆ ಪುಸ್ತಕದ ಪುಟ ಕೇಳಿ. ಬಿಲ್ ಆಗುವುದು ಆ ಎಂ.ಬಿ. ಪುಸ್ತಕದ ಬರಹದ ಮೇಲೆ. ನಾಮಫಲಕದಲ್ಲಿ ಬರೆದದ್ದಕ್ಕೂ ಅದರಲ್ಲಿ ಬರೆದದ್ದಕ್ಕೂ ವ್ಯತ್ಯಾಸವಿದ್ದರೆ ಎಂ.ಬಿ.ಯನ್ನೇ ಹಿಡಿಯಿರಿ.

ಲೆಕ್ಕ ಕಷ್ಟದ್ದಲ್ಲ. ಊರಿನ ಕಾಂಕ್ರೀಟ್ ರಸ್ತೆ 200 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಎಂದು ಅಂದಾಜಿನಲ್ಲಿದ್ದರೆ 90 ಘನ ಮೀಟರ್ ಕಾಂಕ್ರೀಟ್ ಬೀಳಬೇಕು. ದಪ್ಪ 10 ಸೆಂಟಿಮೀಟರ್ ಮಾತ್ರ ಆದರೆ 60 ಘನ ಮೀಟರ್. ಮೇಲೆ ನಿಂತು ನೋಡುವವರಿಗೆ ಎರಡೂ ಒಂದೇ ರಸ್ತೆ, ಆದರೆ ಮೂರರಲ್ಲೊಂದು ಪಾಲು ಮಾಯ. 1:1.5:3ರ ಮಿಶ್ರಣದಲ್ಲಿ ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟ್ ಬೇಕು. ಅಂದರೆ 240 ಚೀಲ ಬಂದೇ ಇಲ್ಲ.

ದಪ್ಪ ಕಾಣುವುದು ಕಾಂಕ್ರೀಟ್ ಹಾಕುವ ದಿನ ಮತ್ತು ಪಕ್ಕದ ಅಂಚಿಗೆ ಮಣ್ಣು ತುಂಬುವವರೆಗೆ ಮಾತ್ರ. ಆ ದಿನ ಊರಿನ ನಾಲ್ಕು ಮಂದಿ 30 ಮೀಟರ್ ಟೇಪು, ಒಂದು ಸ್ಕೇಲು ಹಿಡಿದು ಅಲ್ಲಿರಬೇಕು. 20 ಮೀಟರಿಗೊಮ್ಮೆ ಎರಡೂ ಅಂಚಿನ ದಪ್ಪ, ಅಗಲ ಅಳೆದು, ಸ್ಕೇಲು ಕಾಣುವಂತೆ ಫೋಟೋ ತೆಗೆಯಿರಿ. ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿ. ಇಳಿದ ಸಿಮೆಂಟ್ ಚೀಲ ಎಣಿಸಿ. ಸಿಮೆಂಟ್ ಒಣಗದಂತೆ ಕನಿಷ್ಠ ಏಳು ದಿನವಾದರೂ ನೀರು ಹಿಡಿಸಿದ್ದಾರೆಯೇ ನೋಡಿ. ತಡೆಗೋಡೆಯಲ್ಲಿ ಮೊದಲು ಕಣ್ಣು ಹೋಗಬೇಕಾದದ್ದು ಗೋಡೆಯೊಳಗಿಂದ ನೀರು ಹೊರಬರುವ ಕೊಳವೆಗಳಿಗೆ. ಅವು ಇಲ್ಲದಿದ್ದರೆ, ಅಥವಾ ಹಿಂದೆ ಜಲ್ಲಿ ಹಾಕದೆ ಬರೇ ಮಣ್ಣು ತುಂಬಿದ್ದರೆ, ಗುಡ್ಡದ ಬರೆಯಿಂದ ಇಳಿಯುವ ನೀರಿನ ಒತ್ತಡಕ್ಕೆ ಗೋಡೆ ಉಬ್ಬಿ ಬೀಳುತ್ತದೆ. ಡಾಂಬರು ರಸ್ತೆಗೆ ಪಕ್ಕದ ಚರಂಡಿ ಅಂದಾಜಿನಲ್ಲಿತ್ತೇ, ಮಾಡಿದ್ದಾರೆಯೇ ನೋಡಿ. ಭಾಗಮಂಡಲದ ಕಡೆ ಸುರಿಯುವ ಮಳೆಗೆ ಚರಂಡಿ ಇಲ್ಲದ ರಸ್ತೆ ಎಷ್ಟೇ ಚೆನ್ನಾಗಿದ್ದರೂ ಉಳಿಯದು. ಅಲ್ಲಿ ತಪ್ಪು ಗುತ್ತಿಗೆದಾರರದ್ದೇ ಆಗಿರಬೇಕಿಲ್ಲ, ಅಂದಾಜು ಮಾಡಿದವರದ್ದೂ ಇರಬಹುದು. ದೂರು ಬರೆಯುವಾಗ ಈ ವಿವೇಚನೆ ಬೇಕು.

ಸಂಶಯ ಬಂತೆಂದು ರಸ್ತೆಯನ್ನು ನೀವೇ ಅಗೆಯಬೇಡಿ. ಸಾರ್ವಜನಿಕ ಆಸ್ತಿ ಹಾಳುಮಾಡಿದ ಕೇಸು ನಿಮ್ಮ ಮೇಲೆಯೇ ಬೀಳುತ್ತದೆ. ಮಾಹಿತಿ ಹಕ್ಕಿನ ಕಲಂ 2(ಜೆ) ಅಡಿಯಲ್ಲಿ ಕಾಮಗಾರಿ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕಿದೆ. ಅದರಂತೆ ಅರ್ಜಿ ಕೊಡಿ. ಜೊತೆಗೆ ಬಿಲ್ ಪಾವತಿಗೆ ಮೊದಲು ಊರವರ ಸಮಕ್ಷಮ ಜಂಟಿ ಅಳತೆ ಆಗಬೇಕೆಂದು ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಬರೆಯಿರಿ. ಪಾವತಿಗೆ ಮೊದಲು ಕೊಟ್ಟ ಒಂದು ಪತ್ರಕ್ಕೆ ಪಾವತಿಯ ನಂತರದ ಹತ್ತು ಪತ್ರಗಳ ಬಲ ಇದೆ.

ಜಮಾಬಂದಿ ತಪ್ಪಿಸಬೇಡಿ

ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಗ್ರಾಮ ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕಪತ್ರ ಸಾರ್ವಜನಿಕರ ಮುಂದೆ ತೆರೆದಿಡುವ ಜಮಾಬಂದಿ ನಡೆಯಬೇಕು. ನಾಟಿ ಮುಗಿದು ಕೈಲ್‌ಪೊಳ್ದ್ ಹಬ್ಬ ಬರುವ ಹೊತ್ತು ಅದು. ಜನ ಹೋಗುವುದಿಲ್ಲ, ಖಾಲಿ ಕುರ್ಚಿಗಳ ಮುಂದೆ ಲೆಕ್ಕ ಓದಿ ಮುಗಿಸುತ್ತಾರೆ. ದಿನಾಂಕ ಯಾವಾಗ ಎಂದು ಆಗಸ್ಟ್ ಆರಂಭದಲ್ಲೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಲಿಖಿತವಾಗಿ ಕೇಳಿ. ನಗದು ಪುಸ್ತಕ, ವೋಚರುಗಳು, ಎಂ.ಬಿ., ಸಭಾ ನಡಾವಳಿ ನಾಲ್ಕನ್ನೂ ಮೇಜಿನ ಮೇಲೆ ಇಡಲು ಹೇಳಿ. ಎಲ್ಲವನ್ನೂ ನೋಡಲು ಹೋದರೆ ಏನೂ ಸಿಗದು. ಬೀದಿದೀಪ, ಕುಡಿಯುವ ನೀರಿನ ಪಂಪ್ ರಿಪೇರಿ, ಚರಂಡಿ ಹೂಳೆತ್ತುವುದು, ಈ ಮೂರು ಬಾಬಿನ ವೋಚರುಗಳನ್ನು ಆರಿಸಿಕೊಳ್ಳಿ. ಕಣ್ಣಿಗೆ ಉಳಿಯದ ಕೆಲಸದಲ್ಲೇ ಸುಳ್ಳು ಬಿಲ್ಲು ಸುಲಭ. ನಿಮ್ಮ ಆಕ್ಷೇಪಣೆ ವರದಿಯಲ್ಲಿ ಬರೆಸಿ, ಬರೆದದ್ದನ್ನು ಓದಿಸಿಕೊಂಡು ಬನ್ನಿ.

ಗ್ರಾಮಸಭೆಗೂ ಇದೇ ಮಾತು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಸಭೆ ಇಟ್ಟರೆ ತೋಟದ ಲೈನ್‌ಮನೆಗಳ ಕಾರ್ಮಿಕರು ಬರಲಾಗದು, ಫಲಾನುಭವಿ ಪಟ್ಟಿಯಲ್ಲಿ ಹೆಚ್ಚು ಅನ್ಯಾಯ ಆಗುವುದು ಅವರಿಗೇ. ಭಾನುವಾರವೋ ಸಂತೆಯ ದಿನವೋ ಸಭೆ ಇಡಿಸಲು ಮೊದಲೇ ಮನವಿ ಕೊಡಿ.

ದುಡ್ಡು ಕೇಳಿಯೇಬಿಟ್ಟರೆ

1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಡುವವರೂ ಅಪರಾಧಿ, ಏಳು ವರ್ಷದವರೆಗೆ ಶಿಕ್ಷೆ ಇದೆ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದವರಿಗೆ ರಕ್ಷಣೆ ಇದೆ. ಕೊಡುವ ಮೊದಲೇ ದೂರು ಕೊಟ್ಟು ಅವರ ಕಾರ್ಯಾಚರಣೆಗೆ ನೆರವಾದರೆ ಅಪರಾಧವೇ ಇಲ್ಲ. ಆದ್ದರಿಂದ ಮೊದಲು ದೂರು, ಆಮೇಲೆ ಹಣ.

ಕೇಳಿದಾಗ ಕೂಗಾಡಬೇಡಿ, ಒಪ್ಪಲೂ ಬೇಡಿ. ‘ಎಷ್ಟು, ಯಾವುದಕ್ಕೆ, ಯಾರಿಗೆ?’ ಎಂದು ಕೇಳಿ ಎರಡು ದಿನ ಸಮಯ ತೆಗೆದುಕೊಳ್ಳಿ. ಹೊರಗೆ ಬಂದ ಕೂಡಲೇ ದಿನ, ಹೊತ್ತು, ಜಾಗ, ಅವರ ಮಾತು ಇದ್ದದ್ದು ಇದ್ದಂತೆ ಬರೆದಿಡಿ. ಫೋನಿನಲ್ಲಿ ಮಾತು ರೆಕಾರ್ಡ್ ಆಗಿದ್ದರೆ ಕತ್ತರಿಸಬೇಡಿ, ಇನ್ನೊಬ್ಬರಿಗೆ ವಾಟ್ಸ್‌ಆ್ಯಪ್ ಮಾಡಬೇಡಿ, ಆ ಫೋನ್ ಮಾರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಂತೆ ಇಂಥ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಾದ ಕಲಂ 63ರ ಪ್ರಮಾಣಪತ್ರಕ್ಕೆ ಮೂಲ ಸಾಧನ ಬೇಕಾಗುತ್ತದೆ. ಬೇರೆಯವರ ನಂಬರಿಗೆ ಫೋನ್‌ಪೇ ಮಾಡಿ ಎಂದರೆ ಮಾಡದೆ, ಆ ನಂಬರನ್ನು ಬರೆದಿಟ್ಟುಕೊಳ್ಳಿ.

ರಾಜ್ಯದ ಭ್ರಷ್ಟಾಚಾರ ನಿಗ್ರಹ ದಳವನ್ನು 2022ರ ಆಗಸ್ಟ್ 11ರಂದು ಹೈಕೋರ್ಟ್ ರದ್ದು ಮಾಡಿದ ಮೇಲೆ ಈ ಅಧಿಕಾರ ಮತ್ತೆ ಲೋಕಾಯುಕ್ತ ಪೊಲೀಸರದ್ದು. ಮಡಿಕೇರಿಯ ಕಚೇರಿಗೆ ನೇರವಾಗಿ ಹೋಗಿ. ಕೆಲಸದ ದಾಖಲೆ, ಸ್ವೀಕೃತಿ, ಬರೆದಿಟ್ಟ ಮಾತು ಜೊತೆಗಿರಲಿ. ಕೆಲಸ ಇನ್ನೂ ಆ ಅಧಿಕಾರಿಯ ಕೈಯಲ್ಲಿ ಬಾಕಿ ಇದೆ ಎಂದು ಕಾಗದ ತೋರಿಸಬೇಕು.

ಲಂಚ ತೆಗೆದುಕೊಳ್ಳುವಾಗಲೇ ಹಿಡಿಯುವ ಬಲೆ (ಟ್ರ್ಯಾಪ್) ಹೀಗೆ ನಡೆಯುತ್ತದೆ: ನೋಟುಗಳ ಸಂಖ್ಯೆ ಬರೆದುಕೊಂಡು ಅವಕ್ಕೆ ಫಿನಾಲ್ಫ್ತಲೀನ್ ಪುಡಿ ಸವರುತ್ತಾರೆ. ಇಬ್ಬರು ಪಂಚರ (ಸಾಕ್ಷಿಗಳ) ಮುಂದೆ ಮಹಜರು, ಅಂದರೆ ನಡೆದದ್ದರ ಲಿಖಿತ ದಾಖಲೆ, ಆಗುತ್ತದೆ. ಪಂಚರಲ್ಲೊಬ್ಬರು ನೆರಳಿನಂತೆ ನಿಮ್ಮ ಜೊತೆ ಬಂದು ಮಾತು ಕೇಳಿಸಿಕೊಳ್ಳುತ್ತಾರೆ. ನೋಟು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಕೆಡುವುದು ಎಲ್ಲಿ? ಹೆಚ್ಚಾಗಿ ಬಾಯಲ್ಲಿ. ಮಡಿಕೇರಿ ಸಣ್ಣ ಊರು, ಹೋಟೆಲಿನಲ್ಲಿ ಆಡಿದ ಮಾತು ಅರ್ಧ ಗಂಟೆಯಲ್ಲಿ ಕಚೇರಿ ತಲುಪುತ್ತದೆ. ಮನೆಯವರೊಬ್ಬರ ಹೊರತು ಯಾರಿಗೂ ಹೇಳಬೇಡಿ. ಎರಡನೆಯದು, ಅವರು ಕೇಳುವ ಮೊದಲೇ ಕವರ್ ಚಾಚುವುದು. ನ್ಯಾಯಾಲಯದಲ್ಲಿ ಬೇಡಿಕೆ ಸಾಬೀತಾಗದೆ ಬರೇ ಗುಲಾಬಿ ನೀರಿನಿಂದ ಶಿಕ್ಷೆ ಆಗದು. ‘ಸರ್, ನನ್ನ ಕೆಲಸ ಏನಾಯಿತು?’ ಎಂದಷ್ಟೇ ಕೇಳಿ, ಅವರು ಬಾಯಿಬಿಟ್ಟು ಕೇಳಿದ ಮೇಲೆ ಮಾತ್ರ ಕೊಡಿ. ಕೈ ಕುಲುಕಬೇಡಿ, ನಿಮ್ಮ ಕೈಯ ಪುಡಿ ಅವರ ಕೈಗೆ ಹತ್ತಿತು ಎಂಬ ವಾದಕ್ಕೆ ಅದು ದಾರಿ.

ಬಲೆಗೆ ಬಾರದ ಹಳೆಯ ಅಕ್ರಮಗಳಿಗೆ ಲೋಕಾಯುಕ್ತಕ್ಕೆ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಅಫಿಡವಿಟ್ ಸಲ್ಲಿಸಬೇಕು. ಭ್ರಷ್ಟಾಚಾರದ ಆರೋಪಕ್ಕೆ ಐದು ವರ್ಷ, ಕುಂದುಕೊರತೆಗೆ ವಿಷಯ ತಿಳಿದ ಆರು ತಿಂಗಳು ಮಿತಿ. ‘ಇಡೀ ಕಚೇರಿ ಭ್ರಷ್ಟ’ ಎಂದು ಬರೆದರೆ ತನಿಖೆಗೆ ಹಿಡಿಯಲು ಏನೂ ಇರುವುದಿಲ್ಲ. ಒಂದು ಕಾಮಗಾರಿ, ಒಂದು ಬಿಲ್ಲು, ಒಂದು ಸಹಿ ತೋರಿಸಿ. ಸುಳ್ಳು ದೂರಿಗೆ ಶಿಕ್ಷೆ ಇದೆ, ದ್ವೇಷಕ್ಕೆ ಈ ದಾರಿ ಬಳಸಬೇಡಿ. ಅಧಿಕಾರಿಯ ತೀರ್ಮಾನಗಳ ಮೇಲೆ ಪೊಲೀಸ್ ತನಿಖೆ ಆರಂಭಿಸಲು ಭ್ರಷ್ಟಾಚಾರ ತಡೆ ಕಾಯ್ದೆಯ ಕಲಂ 17ಎ ಅಡಿ ಮೊದಲೇ ಅನುಮತಿ ಬೇಕು, ಬಲೆಯಲ್ಲಿ ಸ್ಥಳದಲ್ಲೇ ಹಿಡಿದರೆ ಬೇಡ. ಹಳೆಯ ದೂರುಗಳು ನಿಧಾನವಾಗುವುದಕ್ಕೆ ಇದೂ ಒಂದು ಕಾರಣ.

ಹೆದರಿಕೆ ಸಹಜ. ದೂರುದಾರರ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಒಪ್ಪಿದ ಕಾಯ್ದೆಯನ್ನು ಜಾರಿಗೆ ತಂದೇ ಇಲ್ಲ. ಕಾಮಗಾರಿಯ ದೂರಿಗೆ ಒಬ್ಬರೇ ಸಹಿ ಹಾಕದೆ ಹತ್ತು ಮನೆಯವರು ಹಾಕಿ. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಮನೆ ವಿಳಾಸದ ಬದಲು ಅಂಚೆಪೆಟ್ಟಿಗೆ ಸಂಖ್ಯೆ ಕೊಡಬಹುದು. ವಕೀಲರಿಗೆ ಹಣವಿಲ್ಲದವರು ಉಚಿತ ಕಾನೂನು ನೆರವಿಗೆ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ.

ಬಲೆಯ ನಂತರ ನಿಮ್ಮ ದೂರು, ಬಲೆಗೆ ಮೊದಲು ಮತ್ತು ನಂತರ ಆದ ಎರಡೂ ಮಹಜರಿನ ಪ್ರತಿ ಕೇಳಿ ಪಡೆದು, ಪಹಣಿ ಪಟ್ಟೆಗಳ ಜೊತೆಗೇ ಜೋಪಾನ ಮಾಡಿ. ಸಾಕ್ಷಿ ಹೇಳಲು ಕರೆ ಬರುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಅಷ್ಟರಲ್ಲಿ ರಾಜಿಗೆ ಊರಿನವರು, ನೆಂಟರು ಬರುತ್ತಾರೆ. ದೂರುದಾರರು ತಿರುಗಿಬಿದ್ದರೂ ಇತರ ಸಾಕ್ಷ್ಯ, ಸಂದರ್ಭಗಳಿಂದ ಬೇಡಿಕೆಯನ್ನು ಸಾಬೀತುಪಡಿಸಬಹುದು ಎಂದು 2022ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಆದರೂ ನೀವೇ ನೆಟ್ಟಗೆ ನಿಂತು ಹೇಳಿದ ಸಾಕ್ಷಿಯ ತೂಕ ಬೇರೆ. ನ್ಯಾಯಾಲಯಕ್ಕೆ ಹೋಗುವ ಹಿಂದಿನ ರಾತ್ರಿ ಆ ಕಾಗದಗಳನ್ನು ತೆಗೆದು ಎರಡು ಸಲ ಓದಿಕೊಳ್ಳಿ, ಮೊತ್ತ, ದಿನ, ಹೊತ್ತು, ಅವರು ಆಡಿದ ಮಾತು ಮತ್ತೆ ನೆನಪಿಗೆ ಬರುವವರೆಗೆ.